ದಬ್ಬಳಕ್ಕನ ಒಂಟಿ ಪೇದೆ

ನನ್ನ ವಾರಗಿತ್ತಿಗೆ ಚೆಸ್ ಕ್ಲಬ್ಬಿನವರು ಇಟ್ಟ ಹೆಸರು ದಬ್ಬಳ. ಅವಳ ಅಪ್ಪನದು ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸುವ ಅಂಗಡಿ. ಗೋಣಿಯನ್ನೂ ರೆಕ್ಸಿನ್ನನ್ನೂ ಒಟ್ಟಿಗೆ ತೂರಿ ಹೊಲಿಯುವ ಗೇಣುದ್ದದ ದಬ್ಬಳ ಚಿಕ್ಕಂದಿನಿಂದಲೂ ಅವಳ ಕೈಯಲ್ಲಿರುತ್ತಿತ್ತು. ಹೆಸರಿಟ್ಟವರು ತಮಾಷೆಗೆ ಇಟ್ಟರು. ಅವಳೆದುರು ಕೂತು ಒಂದೊಂದು ಆಟ ಆಡಿ ಎದ್ದ ಮೇಲೆ, ಹೆಸರು ಸರಿಯಾಗಿಯೇ ಇದೆ ಅಂದರು.

ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳ ಗಂಡ ನನ್ನ ಗಂಡನ ಅಣ್ಣ, ನನಗೆ ಭಾವ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಾವಿಬ್ಬರೂ ವರ್ಷಗಟ್ಟಲೆ ಬೆವರು ಒರೆಸಿಕೊಂಡವರು. ಆದ್ದರಿಂದ ನಾನು ಯಾರ ಪಕ್ಷ ಎಂದು ಯಾರೂ ಕೇಳಬೇಕಾಗಿಲ್ಲ.

ಅವಳಪ್ಪನ ಅಂಗಡಿ ಇಕ್ಕಟ್ಟಿನದು. ಬಾಗಿಲಲ್ಲೇ ಹೊಟ್ಟೆ ಬಗೆದ ಸೋಫಾ ಒಂದಲ್ಲ ಒಂದು ಬಿದ್ದಿರುತ್ತಿತ್ತು. ಸ್ಪ್ರಿಂಗುಗಳು ಕರುಳಿನ ಹಾಗೆ ಹೊರಗೆ ಇಣುಕುತ್ತಿದ್ದವು. ಒಳಗೆ ನಾರಿನ ಧೂಳು, ಅಂಟಿನ ವಾಸನೆ. ಕೆಲಸ ಇಲ್ಲದ ಹೊತ್ತಿನಲ್ಲಿ ಅಪ್ಪ ರೆಕ್ಸಿನ್ನಿನ ಒಂದು ತುಂಡನ್ನು ಮಗುಚಿ ಹಾಕಿ, ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಮನೆ ಎಳೆದು, ಮಗಳನ್ನು ಎದುರು ಕೂರಿಸಿಕೊಂಡು ಚೆಸ್ ಆಡುತ್ತಿದ್ದ. ಆಟವನ್ನು ಅವನು ಕಲಿಸಿದ ರೀತಿ ಬೇರೆಯವರ ಹಾಗಿರಲಿಲ್ಲ. ಉಳಿದವರು ಗೆಲ್ಲುವುದನ್ನು ಮೊದಲು ಕಲಿಸುತ್ತಾರೆ. ಇವನು ಮೊದಲು ಕಲಿಸಿದ್ದು ಒಂಟಿ ಪೇದೆಯನ್ನು ಸಾಕುವುದು.

ಆಟ ಬಾರದವರಿಗೆ ಇಷ್ಟು ಹೇಳಿದರೆ ಸಾಕು. ಪೇದೆಗಳು ಬದುಕುವುದು ಅಕ್ಕಪಕ್ಕದವರ ಬಲದಿಂದ. ಒಂದು ಪೇದೆಯನ್ನು ಯಾರಾದರೂ ಹೊಡೆದರೆ, ಪಕ್ಕದ ಸಾಲಿನ ಪೇದೆ ಓರೆಯಾಗಿ ಬಂದು ಹೊಡೆದವನನ್ನು ಕೆಡವುತ್ತದೆ. ಕೆಲವು ಆಟಗಳಲ್ಲಿ ಮಾತ್ರ ರಾಣಿಯ ಮುಂದಿನ ಪೇದೆ ಮಣೆಯ ನಡುವೆ ಹೋಗಿ ನಿಂತು ಒಂಟಿಯಾಗುತ್ತದೆ. ಎಡಕ್ಕೂ ಬಲಕ್ಕೂ ಅದರವರು ಅಂತ ಯಾರೂ ಇರುವುದಿಲ್ಲ. ಅದನ್ನು ಕಾಯಬೇಕಾದರೆ ಆನೆಯೋ ಕುದುರೆಯೋ ತಮ್ಮ ಕೆಲಸ ಬಿಟ್ಟು ಬರಬೇಕು. ಆದರೆ ಅದರ ಅಕ್ಕಪಕ್ಕದ ಓಣಿಗಳು ಖಾಲಿಯಾಗಿರುವುದರಿಂದ ಆನೆ, ಕುದುರೆಯಂಥ ಉಳಿದ ಬಲಗಳಿಗೆ ಓಡಾಡಲು ಬೇಕಾದಷ್ಟು ಜಾಗ.

"ಬೀದಿ ಜಗಳದಲ್ಲಿ ಮುಂದೆ ನಿಂತೋಳ ಥರ ಮಗಳೇ ಅದು," ಎನ್ನುತ್ತಿದ್ದ ಅಪ್ಪ. "ಹಿಂದೆ ಜನ ಇರೋವರ್ಗೂ ಅವಳ ಬಾಯಿಗೆ ಯಾರೂ ಎದುರಿಲ್ಲ. ಜನ ಒಬ್ಬೊಬ್ರೇ ಜಾರ್ಕೊಂಡ್ರೋ, ಹೋಗೋರು ಬರೋರೆಲ್ಲ ಬಾರಿಸ್ತಾರೆ. ಅದಕ್ಕೇ ಆನೆಗೆ ಆನೆ, ಕುದುರೆಗೆ ಕುದುರೆ ಅಂತ ಯಾರಾದ್ರೂ ಕರೆದ್ರೆ ಹೋಗ್ಬೇಡ. ಬಲ ಕಳ್ಕೋಬೇಡ. ಕಾಯ್ತಾ ಇರು. ಹೊತ್ತು ಬಂದಾಗ ಆ ಪೇದೇನೇ ಮುಂದಕ್ಕೆ ತಳ್ಳು."

"ತಳ್ಳಿದ್ರೆ ಸಾಯುತ್ತಲ್ಲಪ್ಪ?"

"ಸಾಯ್ಲಿ ಬಿಡು. ದಾರಿ ಬಿಟ್ಟು ಸಾಯುತ್ತೆ."

ಎದುರಾಳಿಯ ಹತ್ತಿರ ಒಂಟಿ ಪೇದೆ ಇದ್ದರೆ ಏನು ಮಾಡಬೇಕು ಅನ್ನುವುದನ್ನೂ ಅವನು ಹೇಳಿಕೊಟ್ಟಿದ್ದ: ಅದರ ಮೂಗಿನ ಮುಂದೆ ಒಂದು ಕುದುರೆ ಕಟ್ಟು, ಅಲುಗಾಡದ ಹಾಗೆ ಮಾಡು; ಆಮೇಲೆ ಒಂದೊಂದೇ ಬಲ ಅದಲುಬದಲು ಮಾಡಿಕೊಳ್ಳುತ್ತಾ ಹೋಗು; ಮಣೆ ಬರಿದಾದಾಗ ಆ ಪೇದೆ ತಾನಾಗಿ ನಿನ್ನ ಬಾಯಿಗೆ ಬೀಳುತ್ತದೆ.

ಭಾವ ಅವಳನ್ನು ಕಂಡದ್ದು ಕ್ಲಬ್ಬಿನಲ್ಲಿ. ಅವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಒದ್ದೆ ಬಾಚಣಿಗೆಯಲ್ಲಿ ಕ್ರಾಪು ತೀಡಿಕೊಂಡು, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಕೂತನೆಂದರೆ ಆಟಕ್ಕಿಂತ ಅವನನ್ನೇ ನೋಡುವವರು ಇದ್ದರು. ಮೊದಲ ದಿನವೇ ಅಕ್ಕನ ಕೈಲಿ ಸೋತ. ಮಾರನೆಯ ವಾರವೂ ಸೋತ. ಸೋತು ಸೋತೇ ಮದುವೆಯಾದ ಎಂದು ನನ್ನ ಗಂಡ ನಗುತ್ತಾನೆ. ಮದುವೆಯಾದ ಮೇಲೂ ಸಂಜೆ ಕಚೇರಿಯಿಂದ ಬಂದು ಕೈಕಾಲು ತೊಳೆದವನೇ ಮಣೆ ಹರಡುತ್ತಿದ್ದ. ಇಬ್ಬರೂ ಮಾತಿಲ್ಲದೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದರು. "ಇವರಿಬ್ರೂ ಸುಮ್ನೆ ಕೂತ್ರೆ ಜಗಳಾನೋ ಆಟಾನೋ ಒಂದೂ ಗೊತ್ತಾಗಲ್ಲ ನಂಗೆ," ಎಂದು ಅತ್ತೆ ಗೊಣಗುತ್ತಿದ್ದರು.

ಮನೆಯೊಳಗೆ ಅವನು ಒಂದು ಆಟವನ್ನೂ ಗೆದ್ದದ್ದಿಲ್ಲ. ಹೊರಗೆ ಯಾರಾದರೂ ಕೇಳಿದರೆ, "ಮನೇಲಿ ಬಿಟ್ಟುಕೊಡ್ತೀನಪ್ಪ, ಊಟ ಹಾಕೋಳು ಅವಳಲ್ವಾ," ಎಂದು ಕಣ್ಣು ಹೊಡೆಯುತ್ತಿದ್ದ. ಅದು ಅಕ್ಕನ ಕಿವಿಗೂ ಬೀಳುತ್ತಿತ್ತು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆ ಕಾಲಕ್ಕೆ ಅವಳಿಗೆ ಅವನ ಮೇಲೆ ಪ್ರೀತಿ ಇತ್ತು. ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಒಂದು ವರ್ಷ ಊರಿನ ಚೆಸ್ ಪಂದ್ಯದಲ್ಲಿ ಇಬ್ಬರೂ ಎಲ್ಲರನ್ನೂ ಸೋಲಿಸಿಕೊಂಡು ಬಂದು, ಕೊನೆಯ ಸುತ್ತಿನಲ್ಲಿ ಒಬ್ಬರಿಗೊಬ್ಬರು ಎದುರಾದರು. ಹಿಂದಿನ ದಿನ ಮಧ್ಯಾಹ್ನ ಅಕ್ಕ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಹಿಂಡಿ ಕೊಡುತ್ತಿದ್ದೆ. ಭಾವ ಮೆಟ್ಟಿಲು ಹತ್ತಿ ಬಂದ.

"ನಾಳೆ ಸಮ ಮಾಡ್ಕೊಂಡ್ಬಿಡೋಣ ಕಣೇ," ಅಂದ. "ಸಮ ಆದ್ರೆ ಇಬ್ರ ಹೆಸರೂ ಬಹುಮಾನದ ಕಪ್ಪಿನ ಮೇಲೆ ಕೆತ್ತುತ್ತಾರೆ."

"ಆಡೇ ಬಿಡೋಣ ರೀ. ಯಾರು ಗೆದ್ರೂ ಕಪ್ಪು ಬರೋದು ಇದೇ ಮನೆಗೆ ತಾನೇ?"

"ಗಂಡ ಹೆಂಡ್ತಿ ಜನರ ಮುಂದೆ ಕಿತ್ತಾಡಿದ ಹಂಗಿರುತ್ತೆ. ಅಮ್ಮನಿಗೂ ಬೇಜಾರು. ನೀನು ಎಂದಿನಂಗೆ ಆಡು, ಬೇಗ ಬೇಗ ಬಲ ಹೊಡೆದಾಡಿಸ್ಕೊಂಡು ಬಾ. ಮಣೆ ಬರಿದಾದ್ಮೇಲೆ ನಾನು ಕೈ ಚಾಚ್ತೀನಿ, ನೀನು ಕುಲುಕು. ಅಷ್ಟೇ."

ಅಕ್ಕ ಒದ್ದೆ ದುಪ್ಪಟಿ ಕೊಡವಿ ಹಗ್ಗದ ಮೇಲೆ ಎಸೆದಳು. "ಆಗ್ಲಿ ಬಿಡಿ," ಅಂದಳು.

ಹೀಗೆ ಮೊದಲೇ ಮಾತಾಡಿಕೊಂಡು ಆಡುವುದು ಕ್ಲಬ್ಬಿನ ನಿಯಮಕ್ಕೆ ವಿರುದ್ಧ. ಅದು ಇಬ್ಬರಿಗೂ ಗೊತ್ತಿತ್ತು. ಗಂಡನ ಮಾತು ಅಂತ ಅವಳು ಒಪ್ಪಿದಳು.

ಮರುದಿನ ನಾನೂ ಅತ್ತೆಯೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಅಕ್ಕನದು ಬಿಳಿ ಕಾಯಿ. ಅವಳ ಅಪ್ಪ ಕಲಿಸಿದ ದಾರಿಯಲ್ಲೇ ಆಟ ಸಾಗಿತು. ಮಣೆಯ ನಡುವೆ ಅವಳ ಒಂಟಿ ಪೇದೆ ಬಂದು ನಿಂತಿತು. ಆಮೇಲೆ ಅವಳು ಅಪ್ಪ ಬೇಡ ಎಂದದ್ದನ್ನೆಲ್ಲ ಮಾಡಿದಳು. ಆನೆ ಕೊಟ್ಟು ಆನೆ ತೆಗೆದಳು. ಕುದುರೆ ಕೊಟ್ಟು ಕುದುರೆ ತೆಗೆದಳು. ರಾಣಿಯನ್ನೂ ಕೊಟ್ಟಳು. ಪಕ್ಕದಲ್ಲಿ ನಿಂತವರು ಇವಳಿಗೇನಾಯಿತು ಎಂದು ಮುಖ ಮುಖ ನೋಡಿಕೊಂಡರು. ಮಣೆ ಬರಿದಾಯಿತು. ಅವಳು ತಲೆಯೆತ್ತಿ ಭಾವನ ಮುಖ ನೋಡಿದಳು.

ಭಾವ ಮುಖ ಎತ್ತಲಿಲ್ಲ. ಅವನ ಕಣ್ಣು ಆ ಒಂಟಿ ಪೇದೆಯ ಮೇಲೆ ನೆಟ್ಟಿತ್ತು. ಅದನ್ನು ಕಾಯುವವರು ಯಾರೂ ಉಳಿದಿರಲಿಲ್ಲ. ಕೈ ಚಾಚಿದ. ಅವಳೂ ಚಾಚಿದಳು. ಆದರೆ ಅವನ ಕೈ ಅವಳ ಕೈಯನ್ನು ದಾಟಿ ಹೋಗಿ ತನ್ನ ಕುದುರೆಯನ್ನು ಎತ್ತಿ ಪೇದೆಯ ಮುಂದೆ ಇಟ್ಟಿತು.

ಅವಳ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೇ ನಿಂತಿತ್ತು. ಅದನ್ನು ನಾನು ಕಂಡೆ. ಅಲ್ಲಿದ್ದವರಿಗೆ ಅದರ ಅರ್ಥ ಆಗಲಿಲ್ಲ. ತಾರಸಿಯ ಮೇಲೆ ಬಟ್ಟೆ ಹಿಂಡಿದವಳಿಗೆ ಆಯಿತು.

ಅವನು ನಿಧಾನವಾಗಿ, ಬೆವರು ಕೂಡ ಸುರಿಸದೆ ಆ ಪೇದೆಯನ್ನು ತಿಂದು ಗೆದ್ದ. ಚಪ್ಪಾಳೆ ಬಿತ್ತು. ಅವಳು ಬಾಯಿ ಬಿಡುವ ಹಾಗಿರಲಿಲ್ಲ. ಸಮ ಅಂತ ಮಾತಾಗಿತ್ತು ಅಂದರೆ ತಾನೂ ಕಳ್ಳಾಟಕ್ಕೆ ಒಪ್ಪಿದ್ದೆ ಅಂದ ಹಾಗೆ. ಕಳ್ಳನಿಗೆ ಚೇಳು ಕಡಿದಂತೆ ಅನ್ನುತ್ತಾರಲ್ಲ, ಹಾಗಾಗಿತ್ತು. ಕಳ್ಳತನ ಮಾತ್ರ ಅವಳದಾಗಿರಲಿಲ್ಲ.

ದಾರಿಯಲ್ಲಿ ಭಾವ ಅಂದ, "ಗೆಲುವು ಕಣ್ಣಿಗೆ ಬಿತ್ತು ಕಣೇ, ಕೈ ತಡೀಲಿಲ್ಲ. ಆಟದಲ್ಲಿ ಹಂಗೇ."

"ಪರವಾಗಿಲ್ಲ ಬಿಡಿ," ಅಂದಳು ಅಕ್ಕ.

ಅವಳು ಅತ್ತಿದ್ದರೆ, ಪಾತ್ರೆ ಎಸೆದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅವತ್ತಿನಿಂದ ಅವಳು ಭಾವನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ತಿಳಿದುಹೋಗುತ್ತಿತ್ತು. ಊಟ ಬಡಿಸಿದಳು, ಅಂಗಿಗೆ ಗುಂಡಿ ಹೊಲಿದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದಳು. ಮಣೆ ಹರಡಿ ಕರೆದರೆ ಮಾತ್ರ ಕೈ ಹಿಟ್ಟಾಗಿದೆ, ತಲೆ ನೋಯ್ತಿದೆ ಎಂದು ಏನಾದರೊಂದು ಹೇಳುತ್ತಿದ್ದಳು. ಕೊನೆಗೆ ಅವನು ಕರೆಯುವುದನ್ನೇ ಬಿಟ್ಟ. ಹೇಗೂ ಅವನಿಗೆ ಕಪ್ಪು ಸಿಕ್ಕಿತ್ತು. ಅದರ ಬೆನ್ನಿಗೇ ಕ್ಲಬ್ಬಿನ ಕಾರ್ಯದರ್ಶಿ ಪಟ್ಟವೂ ಬಂತು. ಗೋಡೆಯ ಮೇಲೆ ಫೋಟೋ ಬಂತು.

ಅಕ್ಕ ಹಗಲೆಲ್ಲ ಅಪ್ಪನ ಅಂಗಡಿಗೆ ಹೋಗತೊಡಗಿದಳು. ಅಪ್ಪನ ಕೈ ನಡುಗಲು ಶುರುವಾಗಿತ್ತು. ದಬ್ಬಳ ಅವನ ಕೈಲಿ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಒಯ್ದಾಗ, ನೆಲದ ಮೇಲೆ ಆ ಹಳೆಯ ರೆಕ್ಸಿನ್ ತುಂಡು, ಅದರ ಮೇಲೆ ಕಾಯಿಗಳ ಬದಲು ಸೋಫಾದ ಗುಂಡಿಗಳು. ಅವಳು ಅಪ್ಪನನ್ನು ಕರಿ ಕಡೆ ಕೂರಿಸಿ ಅದೇ ಆಟ ಆಡುತ್ತಿದ್ದಳು. ಒಂಟಿ ಪೇದೆಯ ಆಟ. ಮುಗಿದೊಡನೆ ಮೊದಲಿನಿಂದ ಮತ್ತೆ ಜೋಡಿಸಿದಳು.

"ಸೇಡಿಗೆ ಆಡಿದ್ರೆ ಕಣ್ಣು ಮಂಜಾಗುತ್ತೆ ಮಗಳೇ," ಅಂದ ಅಪ್ಪ. ಅವನಿಗೆ ಅವಳು ಏನೂ ಹೇಳಿರಲಿಲ್ಲ. ಆದರೂ ಅವನಿಗೆ ಹೇಗೋ ತಿಳಿದಿತ್ತು.

"ನಂದು ಮಂಜಾಗಿಲ್ಲಪ್ಪ. ಈಗಲೇ ಚೆನ್ನಾಗಿ ಕಾಣಿಸ್ತಿರೋದು."

ಹೀಗೆ ಕೆಲವು ವರ್ಷ ಹೋದವು. ಒಳಗೊಳಗೇ ಉರಿಯುತ್ತಾ ಇಷ್ಟು ಕಾಲ ಒಬ್ಬರು ಬದುಕಬಹುದು ಅಂತ ನನಗೆ ಗೊತ್ತಿರಲಿಲ್ಲ. ಕಡೆಗೆ ಆ ಬೆಂಕಿಯನ್ನು ಊದಿ ಎಬ್ಬಿಸಿದವನು ಭಾವನೇ.

ಕ್ಲಬ್ಬಿನ ಕುರ್ಚಿಗಳ ಸೀಟು ಹರಿದು ನಾರು ಕಿತ್ತು ಬರುತ್ತಿತ್ತು. ಕಾರ್ಯದರ್ಶಿ ಸಾಹೇಬರು ಆ ಕೆಲಸವನ್ನು ದೊಡ್ಡ ಮನಸ್ಸು ಮಾಡಿ ಹೆಂಡತಿಯ ಅಂಗಡಿಗೇ ಕೊಟ್ಟರು. ಕುರ್ಚಿ ಹೊತ್ತು ಹೋಗುವ ತಾಪತ್ರಯ ಬೇಡವೆಂದು ಅಕ್ಕ ಕ್ಲಬ್ಬಿನ ಹಿಂದಿನ ಕೋಣೆಯಲ್ಲೇ ಕೂತು ಕೆಲಸ ಮಾಡಿದಳು. ಬಟ್ಟೆ ಕತ್ತರಿಸಿ ಕೊಡಲು ನಾನೂ ಹೋಗಿದ್ದೆ. ಮೆತ್ತೆ ಕೆಲಸದವರು ಚಿಕ್ಕ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಒಂದೊಂದನ್ನೇ ನಾಲಗೆಯಿಂದ ತುಟಿಗೆ ತಂದು, ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಹೊಡೆಯುತ್ತಾರೆ. ನೋಡುವವರಿಗೆ ಭಯ. ಅವರಿಗೆ ಅಡಿಕೆ ಅಗಿದಷ್ಟು ಸಲೀಸು.

ಮುಂದಿನ ಹಾಲಿನಲ್ಲಿ ಭಾವ ಹೊಸಬರಿಗೆ ಪಾಠ ಹೇಳುತ್ತಿದ್ದ. ಗೋಡೆಗೆ ತೂಗು ಹಾಕಿದ ದೊಡ್ಡ ಮಣೆ, ಕೈಯಲ್ಲೊಂದು ಕೋಲು. ಬಾಗಿಲು ಅರೆ ತೆರೆದಿತ್ತು.

"ಇವತ್ತು ಒಂಟಿ ಪೇದೆ ಯಾಕೆ ದುರ್ಬಲ ಅನ್ನೋದನ್ನ ನೋಡೋಣ," ಅಂದ. "ಪ್ರತಿ ವರ್ಷ ಈ ಆಟಾನೇ ತೋರಿಸ್ತೀನಿ ನಾನು. ಫೈನಲ್ಲಿನ ಆಟ. ಎದುರಾಳಿ ಯಾರು ಗೊತ್ತಾ? ನನ್ನ ಮನೆಯಾಕೆ!"

ನಗು ಎದ್ದಿತು.

"ಇಲ್ಲಿ ನೋಡಿ. ಒಂಟಿ ಪೇದೆ ಇರೋರು ಬಲ ಕಳ್ಕೋಬಾರ್ದು. ಅವಳಿಗೆ ಅದು ಹೊಳೀಲೇ ಇಲ್ಲ. ಆನೆ ಕೊಟ್ಲು, ಕುದುರೆ ಕೊಟ್ಲು, ರಾಣೀನೂ ಕೊಟ್ಲು. ಹೆಂಗಸರಿಗೆ ಕೊಡೋ ಗುಣ ಜಾಸ್ತಿ ನೋಡಿ!"

ಮತ್ತೆ ನಗು. ಈ ಸಲ ಇನ್ನೂ ಜೋರು.

ನಾನು ಅಕ್ಕನ ಕಡೆ ನೋಡಿದೆ. ಅವಳು ಮೊಳೆ ಹೊಡೆಯುವುದನ್ನು ನಿಲ್ಲಿಸಿರಲಿಲ್ಲ. ಟಕ್, ಟಕ್, ಅದೇ ಲಯ. ತುಟಿಯ ಮೂಲೆಯಲ್ಲಿ ಮಾತ್ರ ಒಂದು ಹನಿ ರಕ್ತ ಕಂಡಿತು, ಮೊಳೆ ಚುಚ್ಚಿತ್ತು. ಆ ಕುರ್ಚಿ ಮುಗಿಸಿದಳು. ಅದರ ಮುಂದಿನದನ್ನೂ ಮುಗಿಸಿದಳು. ಕೆಲಸದಲ್ಲಿ ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ಮನೆಗೆ ಬಂದವಳೇ ತನ್ನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿದಳು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಯಾವತ್ತೋ ಆಡಿದ ಒಂದು ಆಟಕ್ಕೆ ಮನೆ ಬಿಟ್ಟು ಹೋಗ್ತಾರೇನೇ?"

"ಆಟಕ್ಕಲ್ಲ ಅತ್ತೆ. ಮಾತಿಗೆ," ಅಂದಳು ಅಕ್ಕ. ಬಗ್ಗಿ ಅವರ ಕೈ ಪಕ್ಕದಿಂದ ನುಸುಳಿಕೊಂಡು ಹೋದಳು.

ಅಂಗಡಿಯ ಮೇಲೆ ಒಂದು ಕೋಣೆ ಇತ್ತು. ಅಪ್ಪನ ಜೊತೆ ಅಲ್ಲೇ ಉಳಿದಳು. ಆ ವರ್ಷದ ಪಂದ್ಯಕ್ಕೆ ಹೆಸರು ಕೊಟ್ಟಳು. ಕ್ಲಬ್ಬಿನವರು ಬಾಯಿ ಬಾಯಿ ಬಿಟ್ಟರು. ಇಷ್ಟು ವರ್ಷ ಮಣೆ ಮುಟ್ಟದವಳು ಏನು ಆಡಿಯಾಳು ಅಂದುಕೊಂಡರು. ಮೊದಲ ಸುತ್ತಿನಲ್ಲಿ ಸಿಕ್ಕವನು ಬೇಕರಿಯವನು, ಒಳ್ಳೆಯ ಆಟಗಾರ. ಅವನು ಸೋತೆದ್ದು, "ದಬ್ಬಳಕ್ಕ ತುಕ್ಕು ಹಿಡಿದಿಲ್ಲ ಕಣ್ರಪ್ಪ, ಸಾಣೆ ಹಿಡಿಸ್ಕೊಂಡು ಬಂದಿದ್ದಾರೆ," ಅಂದ. ಸುತ್ತು ಸುತ್ತು ಗೆಲ್ಲುತ್ತಾ ಬಂದಳು. ಇನ್ನೊಂದು ಕಡೆಯಿಂದ ಭಾವನೂ ಗೆಲ್ಲುತ್ತಾ ಬಂದ. ಕೊನೆಯ ಸುತ್ತಿಗೆ ಮತ್ತೆ ಅವರಿಬ್ಬರೇ.

ಫೈನಲ್ಲಿನ ಹಿಂದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಅಕ್ಕ ದೊಡ್ಡದೊಂದು ಒರಗು ಕುರ್ಚಿಯ ಬೆನ್ನಿಗೆ ಬಟ್ಟೆ ಬಿಗಿಯುತ್ತಿದ್ದಳು. ಭಾವ ಬಂದ. ಬಂದವನು ನನ್ನ ಕಡೆ ಒಂದು ನಗೆ ನಕ್ಕು, ಸೋಫಾದ ಅಂಚಿನಲ್ಲಿ ಕೂತ.

"ಆದದ್ದೆಲ್ಲ ಮರ್ತುಬಿಡು," ಅಂದ. "ನಾಳೆ ನಿಜವಾಗ್ಲೂ ಸಮ ಮಾಡ್ಕೊಳ್ಳೋಣ. ನಾನು ಕಾರ್ಯದರ್ಶಿ, ನೀನು ನನ್ನ ಹೆಂಡ್ತಿ. ಯಾರು ಸೋತ್ರೂ ಜನ ಆಡ್ಕೊಳ್ತಾರೆ. ಸಮ ಆದ್ರೆ ನೀನೂ ಗೆದ್ದಂಗೆ, ನಾನೂ ಗೆದ್ದಂಗೆ. ಆಮೇಲೆ ಮನೆಗೆ ಬಂದ್ಬಿಡು. ಏನಂತೀಯ?"

ಅಕ್ಕನ ಬಾಯಿ ತುಂಬ ಮೊಳೆ. "ಹುಂ," ಅಂದಳು, ಮೂಗಿನಲ್ಲಿ.

"ಒಪ್ಪಿದ ಹಾಗೇ ತಾನೇ?"

"ಹುಂ."

ಅವನು ಎದ್ದು, ಅವಳ ಹೆಗಲು ತಟ್ಟಿ ಹೋದ. ಅವಳು ಒಂದೊಂದೇ ಮೊಳೆ ಹೊಡೆದು ಮುಗಿಸಿದಳು. ನಾನು ಕೇಳಿದೆ, "ಅಕ್ಕ, ಒಪ್ಪಿಬಿಟ್ಟೆಯಾ?"

"ಬಾಯಲ್ಲಿ ಮೊಳೆ ಇತ್ತು ಕಣೇ," ಅಂದಳು. "ಮೊಳೆ ಇದ್ದಾಗ ಹುಂ ಅನ್ನೋದು ಬಿಟ್ಟು ಬೇರೆ ಏನು ಅನ್ನೋಕಾಗುತ್ತೆ?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಆದರೆ ಅವಳು ಹಾಗೆ ನಕ್ಕದ್ದು ಬಹಳ ಕಾಲದ ಮೇಲೆ.

ಮರುದಿನ ಕ್ಲಬ್ಬಿನ ಹಾಲ್ ಜನರಿಂದ ತುಂಬಿ ಹೋಗಿತ್ತು. ತೀರ್ಪುಗಾರ ಅಂಚೆ ಇಲಾಖೆಯಿಂದ ನಿವೃತ್ತನಾದ ಒಬ್ಬ ಮುದುಕ. ಆಟದ ಗಡಿಯಾರಗಳಿಗೆ ಕೀ ಕೊಡುತ್ತಾ ತಿರುಗುವುದರಿಂದ ಎಲ್ಲರೂ ಗಡಿಯಾರ ತಾತ ಅನ್ನುತ್ತಿದ್ದರು. ಚೀಟಿ ಎತ್ತಿದಾಗ ಅಕ್ಕನಿಗೆ ಬಿಳಿ ಕಾಯಿ ಬಂತು. ಅವಳು ಹಳೆಯ ದಾರಿಯನ್ನೇ ಹಿಡಿದಳು. ಭಾವನೂ ಹಳೆಯ ದಾರಿಯಲ್ಲೇ ಉತ್ತರ ಕೊಟ್ಟ. ಮಣೆಯ ನಡುವೆ ಒಂಟಿ ಪೇದೆ ಬಂದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ, "ಇವಳಿಗೆ ಬುದ್ಧಿ ಬರ್ಲಿಲ್ಲ ನೋಡು," ಅಂದರು.

ಅಂಥ ಪೇದೆಯ ಮುಂದೆ ಕುದುರೆ ಕಟ್ಟಬೇಕು ಅನ್ನುವುದು ಭಾವನಿಗೆ ಗೊತ್ತಿಲ್ಲದ್ದಲ್ಲ. ಪ್ರತಿ ವರ್ಷ ಕೋಲು ಹಿಡಿದು ಹೇಳುತ್ತಿದ್ದವನು. ಆದರೆ ಇವತ್ತಿನದು ಸಮ ಆಗಲಿರುವ ಆಟ. ಹೊತ್ತು ಯಾಕೆ ಕಳೆಯಬೇಕು? ಅವನು ಕಟ್ಟಲಿಲ್ಲ. ಸೀದಾ ಅದಲುಬದಲಿಗೆ ಹೋದ. ಓರೆಯಾಗಿ ಓಡುವ ತನ್ನ ಒಂಟೆಯನ್ನು ತಂದು ಅಕ್ಕನ ಒಂಟೆಗೆ ಎದುರು ಇಟ್ಟ: ತಗೋ, ನಂದನ್ನು ಹೊಡಿ, ನಿಂದನ್ನು ಕೊಡು.

ಅಕ್ಕ ತನ್ನ ಒಂಟೆಯನ್ನು ಒಂದು ಮನೆ ಹಿಂದಕ್ಕೆ ಎಳೆದುಕೊಂಡಳು.

ಭಾವ ಮುಗುಳುನಕ್ಕ. ಜನ ನೋಡುತ್ತಿದ್ದಾರೆ, ತಕ್ಷಣ ಹೊಡೆದಾಡಿದರೆ ಅನುಮಾನ ಬರುತ್ತದೆ ಅಂತ ನಾಟಕ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಸ್ವಲ್ಪ ಹೊತ್ತಾದ ಮೇಲೆ ರಾಣಿಗೆ ರಾಣಿಯನ್ನು ಎದುರು ತಂದ. ಅಕ್ಕ ತನ್ನ ರಾಣಿಯನ್ನು ಪಕ್ಕಕ್ಕೆ ಸರಿಸಿದಳು. ಸರಿಸಿದ ಜಾಗ ಅವನ ರಾಜನ ಕಡೆಗೆ ಮುಖ ಮಾಡಿತ್ತು. ಭಾವನ ನಗು ಅರ್ಧಕ್ಕೆ ನಿಂತಿತು. ಮೇಜಿನ ಅಂಚಿಗೆ ಬೆರಳು ಬಡಿದ. ಆನೆಯನ್ನು ಆನೆಗೆ ಒಡ್ಡಿದ. ಅವಳು ಆನೆಯನ್ನು ಇನ್ನೊಂದು ಓಣಿಗೆ ಒಯ್ದಳು.

"ಏನಾಯ್ತು ನಿಂಗೆ?" ಅಂದ, ಪಿಸುದನಿಯಲ್ಲಿ.

"ನಿಮ್ಮ ಸರದಿ ರೀ," ಅಂದಳು ಅಕ್ಕ. ದನಿ ತಣ್ಣಗಿತ್ತು.

ಆಗ ಅವನಿಗೆ ಹೊಳೆಯಿತು. ಹೊಳೆದದ್ದು ಅವನ ಕಿವಿಯಲ್ಲಿ ಕಂಡಿತು. ಕಿವಿಯ ತುದಿ ಕೆಂಪಾಯಿತು. ಗಡಬಡಿಸಿ ಈಗ ಕುದುರೆಯನ್ನು ಪೇದೆಯ ಮುಂದಕ್ಕೆ ತರಲು ಹೊರಟ. ಅದಕ್ಕೆ ಇನ್ನೂ ಒಂದು ನಡೆ ಬೇಕಿತ್ತು. ಆ ಒಂದು ನಡೆಯನ್ನು ಅವಳು ಕೊಡಲಿಲ್ಲ. ಒಂಟಿ ಪೇದೆಯನ್ನು ಎರಡು ಬೆರಳಲ್ಲಿ ಹಿಡಿದು ಒಂದು ಮನೆ ಮುಂದಕ್ಕೆ ತಳ್ಳಿದಳು.

ನನ್ನ ಪಕ್ಕದಲ್ಲೇ ಇದ್ದ ಬೇಕರಿಯವನು, "ಅಯ್ಯೋ ತಳ್ಳೇಬಿಟ್ರು!" ಎಂದು ತೊಡೆ ತಟ್ಟಿಕೊಂಡ. ಗಡಿಯಾರ ತಾತ ತುಟಿಗೆ ಬೆರಳಿಟ್ಟು ಗದರಿಸಿದ.

ಆ ಪೇದೆಯನ್ನು ಭಾವ ಹೊಡೆಯಲೇಬೇಕಾಯಿತು. ಹೊಡೆದ. ಪೇದೆ ಮಣೆಯಿಂದ ಆಚೆ ಹೋಯಿತು. ಅದು ನಿಂತಿದ್ದ ಜಾಗ ಬಯಲಾಯಿತು. ಅಕ್ಕನ ಆನೆ ನಡು ಓಣಿಯಲ್ಲಿ ನೇರ ಅವನ ರಾಜನ ಹತ್ತಿರಕ್ಕೆ ನೋಡುತ್ತಿತ್ತು. ಹಿಂದಕ್ಕೆ ಎಳೆದುಕೊಂಡಿದ್ದ ಒಂಟೆ, ಪಕ್ಕಕ್ಕೆ ಸರಿದಿದ್ದ ರಾಣಿ ಒಂದೇ ಓರೆಗೆರೆಯಲ್ಲಿ ನಿಂತಿದ್ದವು. ಅವನು ಅದಲುಬದಲಿಗೆಂದು ದೂರ ದೂರ ಕಳಿಸಿದ್ದ ಬಲಗಳು ಯಾವುವೂ ಹೊತ್ತಿಗೆ ಮನೆಗೆ ಬರುವ ಹಾಗಿರಲಿಲ್ಲ.

ಅಕ್ಕ ಆತುರ ಪಡಲಿಲ್ಲ. ಬೇಗ ಮುಗಿಸುವ ದಾರಿ ಇತ್ತಂತೆ, ಬೇಕರಿಯವನು ಆಮೇಲೆ ಹೇಳಿದ. ಅವಳು ಅದನ್ನು ಹಿಡಿಯಲಿಲ್ಲ. ಒಂದೊಂದೇ ಬಾಗಿಲು ಮುಚ್ಚಿದಳು. ಅವನ ರಾಜ ಈ ಮೂಲೆಗೆ ಓಡಿದ, ಆ ಮೂಲೆಗೆ ಓಡಿದ. ಅವಳು ಪ್ರತಿ ನಡೆಯ ನಂತರ ಗಡಿಯಾರ ಒತ್ತಿ, ಅವನ ಮುಖ ನೋಡುತ್ತಿದ್ದಳು. ಬೆವರು ಒದ್ದೆ ಕ್ರಾಪನ್ನು ದಾಟಿ ಕುತ್ತಿಗೆಗೆ ಇಳಿಯುವವರೆಗೂ ನೋಡಿದಳು. ಹೊಟ್ಟೆ ತುಂಬ ನೋಡಿದಳು. ನಾನೂ ನೋಡಿದೆ.

ಕೊನೆಗೆ ಓಡಲು ಮನೆಯೇ ಇಲ್ಲದಾದಾಗ ಅವನು ತನ್ನ ರಾಜನನ್ನು ಕೈಯಿಂದ ಒರಗಿಸಲಿಲ್ಲ. ಮಣೆಯನ್ನೇ ತಳ್ಳಿ ಎದ್ದು ನಿಂತ. ಕಾಯಿಗಳು ನೆಲಕ್ಕೆ ಉದುರಿದವು.

"ಮೋಸ ಇದು!" ಎಂದು ಕಿರುಚಿದ. "ಸಮ ಅಂತ ಮಾತಾಗಿತ್ತು! ನಿನ್ನೆ ಹುಂ ಅಂದು ಇವತ್ತು ಬೆನ್ನಿಗೆ ಚೂರಿ ಹಾಕಿದ್ಲು!"

ಅವನು ಹೇಳಿದ ಮಾತು ಅವನ ಕಿವಿಗೇ ತಡವಾಗಿ ಬಿತ್ತು. ಬಾಯಿ ಮುಚ್ಚಿದ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಬರುತ್ತದೆಯೇ?

ಗಡಿಯಾರ ತಾತ ಕನ್ನಡಕ ತೆಗೆದು ಒರೆಸಿದ. "ಕಾರ್ಯದರ್ಶಿಗಳೇ, ಏನು ಮಾತಾಗಿತ್ತು?"

ಭಾವ ಬಗ್ಗಿ ಉದುರಿದ ಕಾಯಿಗಳನ್ನು ಎತ್ತತೊಡಗಿದ. ತಾತ ಅಕ್ಕನ ಕಡೆ ತಿರುಗಿದ. "ನೀನು ಒಪ್ಪಿದ್ಯೇನಮ್ಮ?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸಾಕ್ಷಿ ಇದ್ದವಳು ನಾನೊಬ್ಬಳೇ; ನಾನು ಬಾಯಿ ಬಿಡುತ್ತಿರಲಿಲ್ಲ. ಕಪ್ಪು ಅವಳ ಕೈಗೆ ಬರುತ್ತಿತ್ತು. ಇಲ್ಲ ಅನ್ನು ಅಕ್ಕ ಎಂದು ನಾನು ಒಳಗೊಳಗೇ ಹಲ್ಲು ಕಚ್ಚಿದೆ.

"ಹುಂ ಅಂದಿದ್ದೆ ತಾತ," ಅಂದಳು. "ಒಪ್ಪಿದ್ದೆ ಅಂತಾನೇ ಇಟ್ಕೊಳ್ಳಿ. ಹಿಂದೆ ಇವರು ಕಪ್ಪು ಗೆದ್ದ ವರ್ಷಾನೂ ಒಪ್ಪಿದ್ದೆ. ಮಣೆ ಬರಿದು ಮಾಡ್ಕೊಂಡು ಬಾ, ಕೈ ಚಾಚ್ತೀನಿ ಅಂದಿದ್ರು. ನಾನು ಕೈ ಚಾಚಿದೆ. ಅವರು ಪೇದೆ ತಿಂದ್ರು. ಆ ಆಟಾನೇ ಪ್ರತಿ ವರ್ಷ ಇಲ್ಲಿ ಪಾಠ ಮಾಡ್ತಾರಲ್ಲ, ಅದೇ."

ಯಾರೋ ಕೆಮ್ಮಿದರು. ಆ ಪಾಠಕ್ಕೆ ನಕ್ಕವರು ಅಲ್ಲಿ ಬಹಳ ಮಂದಿ ಇದ್ದರು.

"ಇದನ್ನ ಹೇಳಿದ್ರೆ ನಿನ್ನ ಗೆಲುವೂ ಹೋಗುತ್ತಮ್ಮ," ಅಂದ ತಾತ.

"ಹೋಗ್ಲಿ."

ಎದುರಿನವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವರ ಗಾದೆ ಇದೆ. ಅದನ್ನು ಮೂರ್ಖರ ಗಾದೆ ಅಂದುಕೊಂಡಿದ್ದೆ. ಅವತ್ತು ಅವಳ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಸಮಿತಿಯವರು ಸೇರಿ ತೀರ್ಮಾನ ಮಾಡಿದರು. ಭಾವ ಕಾರ್ಯದರ್ಶಿ ಸ್ಥಾನದಿಂದ ಇಳಿದ. ಮತ್ತೆ ಕ್ಲಬ್ಬಿನ ಮೆಟ್ಟಿಲು ಹತ್ತುವಂತಿಲ್ಲ ಅಂದರು. ಹಳೆಯ ಕಪ್ಪಿನ ಮೇಲಿನ ಅವನ ಹೆಸರನ್ನು ಉಜ್ಜಿ ತೆಗೆಸಿದರು. ಆ ಜಾಗ ಈಗ ಉಳಿದದ್ದಕ್ಕಿಂತ ಹೆಚ್ಚು ಫಳಫಳ ಹೊಳೆಯುತ್ತದಂತೆ. ಗೋಡೆಯ ಫೋಟೋ ಇಳಿಯಿತು. ಅಕ್ಕನಿಗೆ ಮುಂದಿನ ವರ್ಷ ಆಡುವಂತಿಲ್ಲ ಅಂದರು. ಈ ವರ್ಷದ ಕಪ್ಪು, ಮೊದಲ ಸುತ್ತು ಸೋತರೂ ಆಮೇಲಿನ ಸುತ್ತುಗಳಲ್ಲಿ ಅಂಕ ಕೂಡಿಸಿಕೊಂಡು ಮೂರನೆಯವನಾಗಿದ್ದ ಬೇಕರಿಯವನಿಗೆ ಹೋಯಿತು. ಪಾಪ, ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ಪನ್ನು ಬ್ರೆಡ್ಡಿನ ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಬಂದವರಿಗೆಲ್ಲ "ಇದು ದಬ್ಬಳಕ್ಕನ ದಯೆ" ಅನ್ನುತ್ತಾನೆ.

ಮನೆಯಲ್ಲಿ ಭಾವ ಕೆಲವು ದಿನ ಎಲ್ಲರ ಮೇಲೂ ಹರಿಹಾಯ್ದ. ಆಮೇಲೆ ಮಂಕಾದ. ಕಚೇರಿಯಲ್ಲಿ ಕೂಡ ಜನ ಅವನನ್ನು ಕಂಡರೆ ಹುಂ, ಹುಂ ಅನ್ನುತ್ತಾರಂತೆ. ನನ್ನ ಗಂಡನಿಗೆ ಅಣ್ಣನ ಮೇಲೆ ಮರುಕ ಬಂತು. "ಒಂದು ಸಲ ಅತ್ತಿಗೇನ ಕೇಳಿ ನೋಡು," ಅಂದ. ನಾನು ಅಂಗಡಿಗೆ ಹೋಗಿ ಕೇಳಿದೆ.

"ಹೊಟ್ಟೆ ತಣ್ಣಗಾಯ್ತಾ ಅಕ್ಕ?"

ಅವಳು ಸ್ಪ್ರಿಂಗಿಗೆ ಹುರಿ ಬಿಗಿಯುತ್ತಿದ್ದಳು. ಹಲ್ಲಿನಿಂದ ಹುರಿ ಕಚ್ಚಿ ತುಂಡರಿಸಿದಳು.

"ಇನ್ನೂ ಇಲ್ಲ ಕಣೇ. ನಿದ್ದೆ ಮಾತ್ರ ಬರ್ತಿದೆ."

"ಮನೆಗೆ?"

"ಅವರಿಗೆ ಹೇಳು, ನಂಗೆ ಇನ್ನೂ ಸಿಟ್ಟಿದೆ ಅಂತ. ಕಮ್ಮಿ ಆದ್ರೆ ನಾನೇ ಹೇಳಿ ಕಳಿಸ್ತೀನಿ. ಕಾಯ್ಕೊಂಡು ಕೂರೋದು ಬೇಡ." ಒಳಗಿನಿಂದ ಅವಳಪ್ಪ ಹೋ ಎಂದು ನಕ್ಕ.

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ನನ್ನನ್ನು ಕರೆದು, ತಮ್ಮ ಕುರ್ಚಿಯನ್ನು ಆಟೋದಲ್ಲಿ ಹಾಕಿಸು ಅಂದರು. ಅವರು ದಿನವಿಡೀ ಕೂರುವ ಕುರ್ಚಿ. ಸೀಟು ಕುಸಿದು ಒಂದು ಸ್ಪ್ರಿಂಗು ಮೇಲೆದ್ದಿತ್ತು. ಊರಲ್ಲಿ ಬೇರೆ ಅಂಗಡಿಗಳಿದ್ದವು. ಅತ್ತೆ ಹೇಳಿದ್ದು ಅಕ್ಕನ ಅಂಗಡಿಯ ದಾರಿ.

ಜೊತೆಗೆ ತಾವೂ ಬಂದು, ಆಟೋದಿಂದ ಇಳಿದು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಅಕ್ಕ ಕುರ್ಚಿಯ ಹಳೆಯ ಬಟ್ಟೆ ಕಿತ್ತಳು, ಪಟ್ಟಿ ಬಿಗಿದಳು, ಸ್ಪ್ರಿಂಗು ಬದಲಾಯಿಸಿದಳು, ನಾರು ಹರಡಿ ಮೇಲೆ ಹೊಸ ಹತ್ತಿ ಹಾಸಿದಳು.

"ಅವನು ಸರಿಯಾಗಿ ಊಟ ಮಾಡ್ತಿಲ್ಲ," ಅಂದರು ಅತ್ತೆ.

"ಹಸಿವಾದಾಗ ಮಾಡ್ತಾರೆ ಅತ್ತೆ."

ಅತ್ತೆ ತಲೆಯಾಡಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ನಂಗೆ ಆಟ ಗೊತ್ತಿಲ್ಲ," ಅಂದರು ಆಮೇಲೆ. "ಅವತ್ತು ಅವನು ಗೆದ್ದಾಗ ಬೆಂಚಿನ ಮೇಲೆ ಕೂತು ನಾನೂ ಚಪ್ಪಾಳೆ ತಟ್ಟಿದ್ದೆ ಕಣೇ."

ಅಕ್ಕ ಬಟ್ಟೆ ಎಳೆದು ಕೊನೆಯ ಅಂಚಿಗೆ ಮೊಳೆ ಹೊಡೆದಳು. ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಅಂಗೈಯಿಂದ ಸೀಟನ್ನು ಎರಡು ಸಲ ಒತ್ತಿ ನೋಡಿ, ಅತ್ತೆಯ ತೋಳು ಹಿಡಿದು ಎಬ್ಬಿಸಿದಳು.

"ಕೂತು ನೋಡಿ ಅತ್ತೆ," ಅಂದಳು. "ಎಲ್ಲಾದ್ರೂ ಚುಚ್ಚುತ್ತಾ?"